ಚುಕ್ಕಿ ಹೆಚ್ಚಿತು, ಅಕ್ಷರ ಕುಗ್ಗಿತು

ನಲವತ್ತು ದಾಟಿದವರ ಕಣ್ಣಿಗೆ ಬರುವ ತೊಂದರೆಗೆ ನಮ್ಮ ಜನ ‘ಚಾಳೀಸು’ ಎಂದು ಹೆಸರಿಟ್ಟಿದ್ದಾರೆ. ಹಿಂದೂಸ್ತಾನಿಯಲ್ಲಿ ನಲವತ್ತಕ್ಕಿರುವ ಮಾತೇ ಇಲ್ಲಿ ದೃಷ್ಟಿದೋಷದ ಹೆಸರಾಗಿ, ಕೊನೆಗೆ ಕನ್ನಡಕದ ಹೆಸರೂ ಆಯಿತು. ವಯಸ್ಸನ್ನು ಮರೆಮಾಚುವ ಉಪಾಯಗಳು ಎಷ್ಟೇ ಇರಲಿ, ಈ ಒಂದು ಪದದ ಮುಂದೆ ಯಾವುದೂ ನಡೆಯುವುದಿಲ್ಲ. ನನಗೂ ಚಾಳೀಸು ಬಂದಿದೆ. ಪುಸ್ತಕವನ್ನು ತೋಳುದ್ದಕ್ಕೆ ದೂರ ಹಿಡಿದು ಓದುವ ವಿದ್ಯೆಯನ್ನು ಕಲಿತಿದ್ದೇನೆ. ಆದರೆ ಈ ಲೇಖನಕ್ಕೆ ಕಾರಣವಾದ ತಪ್ಪನ್ನು ಪೂರ್ತಿಯಾಗಿ ಚಾಳೀಸಿನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಕಾಲೇಜಿನ ವಾರ್ಷಿಕ ಸಂಚಿಕೆಯ ಕನ್ನಡ ಭಾಗದ ಕರಡು ತಿದ್ದುವ ಕೆಲಸ ಹಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಕಳೆದ ವರ್ಷ ಆ ಕೆಲಸಕ್ಕೆ ಹೊಸದೊಂದು ಮಾನಿಟರು ಬಂತು. ಅಳತೆ ಇಪ್ಪತ್ತನಾಲ್ಕು ಅಂಗುಲ. ಹಳೆಯದೂ ಅಷ್ಟೇ ಇತ್ತು. ಹಳೆಯದರಲ್ಲಿ ಅಡ್ಡಸಾಲಿಗೆ ೧೯೨೦ ಚುಕ್ಕಿಗಳಿದ್ದರೆ ಹೊಸದರಲ್ಲಿ ೩೮೪೦. ಚುಕ್ಕಿ ಎರಡರಷ್ಟಾದ ಮೇಲೆ ಓದು ಎರಡರಷ್ಟು ಸುಲಭವಾದೀತು ಎಂದುಕೊಂಡು ಕುಳಿತರೆ, ಅಕ್ಷರಗಳೆಲ್ಲ ಅರ್ಧಕ್ಕರ್ಧ ಕುಗ್ಗಿ ಸಾಸಿವೆ ಚೆಲ್ಲಿದಂತೆ ಕಂಡವು. ಗಣಕಯಂತ್ರಗಳನ್ನು ನೋಡಿಕೊಳ್ಳುವ ಹುಡುಗನನ್ನು ಕರೆದೆ. ಅವನು, “ಅದಕ್ಕೇನು ಸಾರ್, ರೆಸಲ್ಯೂಷನ್ ಇಳಿಸಿಬಿಡ್ತೀನಿ” ಎಂದು ಎರಡು ಗುಂಡಿ ಒತ್ತಿ ಹೋದ. ಅಕ್ಷರ ದೊಡ್ಡದಾಯಿತು, ನಿಜ. ಆದರೆ ಎಣ್ಣೆ ಸವರಿದ ಗಾಜಿನ ಹಿಂದೆ ಇಟ್ಟಂತೆ ಮಸಕಾಯಿತು. ಆ ಮಸಕಿನಲ್ಲೇ ಮೂರು ದಿನ ಕುಳಿತು ಕರಡು ತಿದ್ದಿದೆ.

ಸಂಚಿಕೆ ಅಚ್ಚಾಗಿ ಬಂತು. ‘ಧನದ ಮೋಹ’ ಎಂಬ ಪ್ರಬಂಧ ‘ದನದ ಮೋಹ’ವಾಗಿತ್ತು. ಶೀರ್ಷಿಕೆಯಲ್ಲಿ ಮಾತ್ರವಲ್ಲ, ಒಳಗೂ ನಾಲ್ಕು ಕಡೆ. ಬೆರಳಚ್ಚು ಮಾಡಿದವರ ಕೈತಪ್ಪು ಅದು; ಅದನ್ನು ಹಿಡಿಯಬೇಕಾದವನು ನಾನು. ಬರೆದ ಹುಡುಗ ಹಳ್ಳಿಯವನು, ಅವನ ಮನೆಯಿಂದ ಕಾಲೇಜಿಗೆ ಬಂದವರಲ್ಲಿ ಮೊದಲಿಗ. ಮನೆಯಲ್ಲಿ ಎರಡು ಹಸುಗಳಿದ್ದವೆಂಬುದು ತರಗತಿಗೆಲ್ಲ ಗೊತ್ತಿತ್ತು. ಉಳಿದದ್ದನ್ನು ಓದುಗರು ಊಹಿಸಿಕೊಳ್ಳಬಹುದು. ಒಂದು ವಾರ ಅವನು ತರಗತಿಯ ಕಡೆ ತಲೆ ಹಾಕಲಿಲ್ಲ.

‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಪುಟ್ಟ ಗೀಟು. ಹೆಚ್ಚು ಚುಕ್ಕಿಗಳಿದ್ದ ಪರದೆಯಲ್ಲಿ ಆ ಗೀಟು ಇನ್ನೂ ಚೆನ್ನಾಗಿ ಕಾಣಬೇಕಾಗಿತ್ತು, ಕಾಣಲಿಲ್ಲ. ಹೆಚ್ಚು ಸೂಕ್ಷ್ಮವಾದ ಉಪಕರಣ ಹೆಚ್ಚು ಕುರುಡಾದದ್ದು ಹೇಗೆ? ಈ ಪ್ರಶ್ನೆಯ ಬೆನ್ನು ಹಿಡಿದು ಹೋದಾಗ ತಿಳಿದದ್ದು, ಇದು ನನ್ನೊಬ್ಬನ ಮೇಜಿನ ಮೇಲಿನ ಕಥೆಯಲ್ಲ; ಐವತ್ತು ವರ್ಷಗಳ ಒಂದು ಇತಿಹಾಸದ ಬಾಲ ಎಂಬುದು.

*

ಪರದೆಯ ಕಥೆಗೆ ಮೊದಲು ಸೀಸದ ಕಥೆಯನ್ನು ಹೇಳಬೇಕು. ಅಚ್ಚುಮೊಳೆಗಳ ಕಾಲದಲ್ಲಿ ಅಕ್ಷರಕ್ಕೆ ಒಂದು ಮೈಯಿತ್ತು. ಕುಶಲಕರ್ಮಿ ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ಕೊರೆಯುತ್ತಿದ್ದ. ಅದನ್ನು ತಾಮ್ರಕ್ಕೆ ಹೊಡೆದು ಅಚ್ಚು ಮಾಡಿ, ಆ ಅಚ್ಚಿನಲ್ಲಿ ಸೀಸ ಎರೆದರೆ ಮೊಳೆ ಸಿದ್ಧ. ಹನ್ನೆರಡು ಪಾಯಿಂಟಿನ ಮೊಳೆ ಎಂದರೆ ಹೆಚ್ಚು ಕಡಿಮೆ ಅಂಗುಲದ ಆರನೆಯ ಒಂದು ಪಾಲು. ಒರಟು ಕಾಗದದ ಮೇಲೆ ಒತ್ತಿದರೂ ಅಷ್ಟೇ, ನಯವಾದ ಕಾಗದದ ಮೇಲೆ ಒತ್ತಿದರೂ ಅಷ್ಟೇ. ಕಾಗದ ಉತ್ತಮವಾದಷ್ಟೂ ಅಕ್ಷರದ ಅಂಚು ಚೊಕ್ಕವಾಗುತ್ತಿತ್ತೇ ಹೊರತು ಅಕ್ಷರ ಸಣ್ಣದಾಗುತ್ತಿರಲಿಲ್ಲ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಕಥೆಯೆಲ್ಲ ಇದರ ತಿರುವು ಮುರುವು.

ಆ ಕುಶಲಕರ್ಮಿಗಳಿಗೆ ಇನ್ನೊಂದು ರಹಸ್ಯವೂ ತಿಳಿದಿತ್ತು. ಸಣ್ಣ ಅಕ್ಷರವೆಂದರೆ ದೊಡ್ಡ ಅಕ್ಷರವನ್ನು ಕುಗ್ಗಿಸಿದ್ದಲ್ಲ. ಪ್ರತಿಯೊಂದು ಅಳತೆಗೂ ಬೇರೆ ಉಕ್ಕನ್ನು ಕೊರೆಯಬೇಕಾಗಿದ್ದುದರಿಂದ, ಆರು ಪಾಯಿಂಟಿಗೆ ಕೊರೆಯುವಾಗ ಅಕ್ಷರವನ್ನು ಸ್ವಲ್ಪ ಅಗಲಿಸುತ್ತಿದ್ದರು, ಗೆರೆಯನ್ನು ಸ್ವಲ್ಪ ದಪ್ಪಗೊಳಿಸುತ್ತಿದ್ದರು, ಅಕ್ಷರ ಅಕ್ಷರಗಳ ನಡುವೆ ಹೆಚ್ಚು ಜಾಗ ಬಿಡುತ್ತಿದ್ದರು. ಮಗುವನ್ನು ಚಿಕ್ಕ ಗಾತ್ರದ ದೊಡ್ಡವನೆಂದು ಚಿತ್ರಿಸಿದರೆ ಅದು ಮಗುವಿನಂತೆ ಕಾಣುವುದಿಲ್ಲ. ಸಣ್ಣ ಅಕ್ಷರದ ಮಾತೂ ಹಾಗೆಯೇ.

ಕಣ್ಣಿನ ಶಕ್ತಿಗೂ ಒಂದು ಅಳತೆಗೋಲು ಬಂತು. ಹಾಲೆಂಡಿನ ಯೂಟ್ರೆಕ್ಟ್ ನಗರದ ನೇತ್ರವೈದ್ಯ ಹರ್ಮನ್ ಸ್ನೆಲೆನ್ ೧೮೬೨ರಲ್ಲಿ ತನ್ನ ಅಕ್ಷರಪಟವನ್ನು ಪ್ರಕಟಿಸಿದ. ಕಣ್ಣಿನ ಆಸ್ಪತ್ರೆಯಲ್ಲಿ ಗೋಡೆಗೆ ತಗುಲಿಹಾಕಿ ನಮ್ಮಿಂದ ಓದಿಸುವ ಪಟದ ಮೂಲಪುರುಷ ಅವನೇ. ಒಂದು ವೃತ್ತಾಂಶವನ್ನು, ಎಂದರೆ ಒಂದು ಡಿಗ್ರಿಯನ್ನು, ಅರವತ್ತು ಭಾಗ ಮಾಡಿದರೆ ಒಂದೊಂದು ಭಾಗ ಒಂದು ಕಲೆ. ಒಳ್ಳೆಯ ಕಣ್ಣು ಒಂದು ಕಲೆಯಷ್ಟು ದಪ್ಪದ ಗೆರೆಯನ್ನು, ಐದು ಕಲೆಯಷ್ಟು ಎತ್ತರದ ಅಕ್ಷರವನ್ನು ಗುರುತಿಸಬಲ್ಲದು ಎಂಬುದು ಅವನ ಪಟದ ಆಧಾರ. ಆರು ಮೀಟರ್ ದೂರದಲ್ಲಿ ಆ ಅಕ್ಷರದ ಎತ್ತರ ೮.೭ ಮಿಲಿಮೀಟರ್. ನಾವು ಮಾನಿಟರನ್ನು ಇಟ್ಟುಕೊಳ್ಳುವ ಅರವತ್ತು ಸೆಂಟಿಮೀಟರ್ ದೂರದಲ್ಲಿ ಅದೇ ಲೆಕ್ಕ ೦.೯ ಮಿಲಿಮೀಟರಿಗೂ ಕಡಿಮೆಯಾಗುತ್ತದೆ. ಆದರೆ ಇದು ಕಣ್ಣಿನ ಕಡೆಯ ಮಿತಿ. ಗುರುತಿಸುವುದಕ್ಕೆ ಸಾಕು, ಓದುವುದಕ್ಕೆ ಸಾಲದು. ಹಾಯಾಗಿ ಓದಲು ಅಕ್ಷರ ಇಪ್ಪತ್ತು ಇಪ್ಪತ್ತೆರಡು ಕಲೆಯಷ್ಟಾದರೂ ಇರಬೇಕೆಂದು ಪರದೆಗಳಿಗಾಗಿ ಮಾಡಿದ ಅಂತರರಾಷ್ಟ್ರೀಯ ಮಾನಕ ಹೇಳುತ್ತದೆ. ಆ ದೂರಕ್ಕೆ ಅದು ಮೂರೂವರೆ ಮಿಲಿಮೀಟರಿನ ಆಸುಪಾಸು.

ಒಟ್ಟಿನಲ್ಲಿ ಸೀಸದ ಕಾಲದಲ್ಲಿ ಅಕ್ಷರದ ಅಳತೆ ಅಂಗುಲದಲ್ಲಿತ್ತು, ಅದರ ಪರೀಕ್ಷೆ ಕಣ್ಣಿನಲ್ಲಿತ್ತು. ಪರದೆ ಬಂದಾಗ ಅಳತೆ ಚುಕ್ಕಿಗೆ ಬಂದಿತು.

*

ಪರದೆಯ ಅಕ್ಷರವನ್ನು ತಿಳಿಯಬೇಕಾದರೆ ನಮ್ಮ ಹೆಣ್ಣುಮಕ್ಕಳು ಅಂಗಳದಲ್ಲಿ ಇಡುವ ಚುಕ್ಕಿ ರಂಗೋಲಿಯನ್ನು ನೆನೆಯುವುದು ಒಳ್ಳೆಯದು. “ಏಳು ಚುಕ್ಕಿಯ ರಂಗೋಲಿ” ಎನ್ನುತ್ತಾರೆ. “ಮೂರಡಿ ರಂಗೋಲಿ” ಎನ್ನುವುದಿಲ್ಲ. ಗೇಣಿಗೊಂದು ಚುಕ್ಕಿಯಿಟ್ಟರೆ ಅಂಗಳ ತುಂಬುತ್ತದೆ. ಬೆರಳಿಗೊಂದು ಚುಕ್ಕಿಯಿಟ್ಟರೆ ಅದೇ ರಂಗೋಲಿ ಮಣೆಯ ಮೇಲೆ ಹಿಡಿಸುತ್ತದೆ. ರಂಗೋಲಿ ಎಷ್ಟು ದೊಡ್ಡದೆಂಬುದು ಚುಕ್ಕಿಗಳ ಎಣಿಕೆಯಲ್ಲಿಲ್ಲ, ಚುಕ್ಕಿಗಳ ನಡುವಣ ಅಂತರದಲ್ಲಿದೆ. ಪರದೆಯ ಅಕ್ಷರವೂ ಚುಕ್ಕಿಗಳ ಮೇಲೆ ಇಟ್ಟ ರಂಗೋಲಿಯೇ. ಆ ಚುಕ್ಕಿಗೆ ಪಿಕ್ಸೆಲ್ ಎಂದು ಹೆಸರು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೊ ಸಂಶೋಧನಾಲಯದವರು ೧೯೭೩ರಲ್ಲಿ ‘ಆಲ್ಟೊ’ ಎಂಬ ಗಣಕಯಂತ್ರವನ್ನು ಕಟ್ಟಿದರು. ಅದರ ಪರದೆ ಕಾಗದದ ಹಾಳೆಯಂತೆ ನೆಟ್ಟಗೆ ನಿಂತಿತ್ತು: ಅಡ್ಡಕ್ಕೆ ೬೦೬, ಉದ್ದಕ್ಕೆ ೮೦೮ ಚುಕ್ಕಿ. ಪರದೆಯನ್ನು ಹಾಳೆಯೆಂದು ಭಾವಿಸಿದವರಲ್ಲಿ ಅವರು ಅಗ್ರಗಣ್ಯರು. ೧೯೮೪ರ ಜನವರಿಯಲ್ಲಿ ಆಪಲ್ ಕಂಪನಿಯ ‘ಮ್ಯಾಕಿಂಟಾಷ್’ ಬಂದಾಗ ಈ ಭಾವನೆಗೆ ಒಂದು ಲೆಕ್ಕವೂ ಸೇರಿತು. ಒಂಬತ್ತು ಅಂಗುಲದ ಆ ಪರದೆಯಲ್ಲಿ ೫೧೨ಕ್ಕೆ ೩೪೨ ಚುಕ್ಕಿಗಳು, ಅಂಗುಲಕ್ಕೆ ೭೨. ಅಚ್ಚಿನ ಪಾಯಿಂಟೂ ಸರಿಸುಮಾರು ಅಂಗುಲದ ಎಪ್ಪತ್ತೆರಡನೆಯ ಪಾಲು. ಒಂದು ಚುಕ್ಕಿಗೆ ಒಂದು ಪಾಯಿಂಟು! ಹನ್ನೆರಡು ಪಾಯಿಂಟಿನ ಅಕ್ಷರ ಪರದೆಯಲ್ಲಿ ಹನ್ನೆರಡು ಚುಕ್ಕಿ ಎತ್ತರ. ಕಾಗದದಲ್ಲೂ ಅಷ್ಟೇ ದೊಡ್ಡದು. ಸೂಸನ್ ಕೇರ್ ಎಂಬ ಕಲಾವಿದೆ ಆ ಪರದೆಗಾಗಿ ಒಂದೊಂದೇ ಚುಕ್ಕಿಯನ್ನು ಎಣಿಸಿ ಅಕ್ಷರಗಳನ್ನು ಬರೆದು, ಅವುಗಳಿಗೆ ಷಿಕಾಗೊ, ಜಿನೀವಾ ಮೊದಲಾದ ಊರುಗಳ ಹೆಸರಿಟ್ಟಳು.

ಮೈಕ್ರೋಸಾಫ್ಟ್ ಕಂಪನಿಯವರು ತಮ್ಮ ‘ವಿಂಡೋಸ್’ಗೆ ಬೇರೆ ಲೆಕ್ಕ ಹಾಕಿದರು. ಪರದೆಯನ್ನು ನಾವು ಪುಸ್ತಕದಷ್ಟು ಹತ್ತಿರ ಇಟ್ಟುಕೊಳ್ಳುವುದಿಲ್ಲ. ಸುಮಾರು ಮೂರನೆಯ ಒಂದು ಪಾಲು ಹೆಚ್ಚು ದೂರ ಇಡುತ್ತೇವೆ. ಹಾಗಾದರೆ ಅಕ್ಷರವೂ ಮೂರನೆಯ ಒಂದು ಪಾಲು ದೊಡ್ಡದಾಗಿರಲಿ ಎಂದು ಎಪ್ಪತ್ತೆರಡಕ್ಕೆ ಇಪ್ಪತ್ತನಾಲ್ಕು ಕೂಡಿಸಿದರು, ೯೬ ಆಯಿತು. ಅಂಗುಲವೆಂದರೆ ೯೬ ಚುಕ್ಕಿ ಎಂದು ವಿಂಡೋಸ್ ನಂಬಿಕೊಂಡಿತು. ಈ ಎರಡೂ ಲೆಕ್ಕಗಳ ಹಿಂದೆ ಓದುವವನ ಕಣ್ಣಿನ ಬಗ್ಗೆ ಕಾಳಜಿಯಿತ್ತೆಂಬುದನ್ನು ಮರೆಯಬಾರದು. ಆದರೆ ಕಾಲಕ್ರಮದಲ್ಲಿ ಕಾಳಜಿ ಮರೆತುಹೋಗಿ ಸಂಖ್ಯೆ ಮಾತ್ರ ಉಳಿಯಿತು. ಕಾರ್ಯಕ್ರಮಗಳನ್ನು ಬರೆಯುವವರು ಗುಂಡಿಗೆ ಇಷ್ಟು ಚುಕ್ಕಿ, ಸಾಲಿಗೆ ಇಷ್ಟು ಚುಕ್ಕಿ, ಅಕ್ಷರಕ್ಕೆ ಇಷ್ಟು ಚುಕ್ಕಿ ಎಂದು ಚುಕ್ಕಿಯಲ್ಲೇ ಬರೆಯುತ್ತ ಹೋದರು. ಮಿಕ್ಕ ಅನರ್ಥಕ್ಕೆಲ್ಲ ಬೀಜ ಬಿದ್ದದ್ದು ಇಲ್ಲಿ.

*

ಆ ಕಾಲದಲ್ಲಿ ಚುಕ್ಕಿಗೆ ಬರಗಾಲ. ವಿಂಡೋಸಿನ ಲೆಕ್ಕದಲ್ಲಿ ಎಂಟು ಪಾಯಿಂಟಿನ ಅಕ್ಷರಕ್ಕೆ ಸಿಗುವುದು ಹನ್ನೊಂದು ಚುಕ್ಕಿ. ಅದರಲ್ಲೇ ತಲೆ, ಹೊಟ್ಟೆ, ಬಾಲ ಎಲ್ಲವೂ ಮುಗಿಯಬೇಕು. ಬಡವರ ಮನೆಯ ಅಡುಗೆಯಲ್ಲಿ ಕೈಗುಣ ಕಾಣುವಂತೆ, ಈ ಬರಗಾಲದಲ್ಲೇ ಸಣ್ಣ ಅಕ್ಷರವನ್ನು ಓದುವಂತೆ ಮಾಡುವ ಕಲೆ ಎತ್ತರಕ್ಕೆ ಬೆಳೆಯಿತು.

೧೯೯೧ರಲ್ಲಿ ಆಪಲ್ ಕಂಪನಿ ‘ಟ್ರೂಟೈಪ್’ ಎಂಬ ವಿಧಾನವನ್ನು ಹೊರತಂದಿತು. ಮರುವರ್ಷ ಅದು ವಿಂಡೋಸಿಗೂ ಬಂತು. ಇದರಲ್ಲಿ ಅಕ್ಷರವನ್ನು ಚುಕ್ಕಿಗಳಾಗಿ ಅಲ್ಲ, ವಕ್ರರೇಖೆಗಳ ಹೊರಮೈಯಾಗಿ ಬರೆದಿಡುತ್ತಾರೆ. ಬೇಕಾದ ಅಳತೆಗೆ ಯಂತ್ರವೇ ಚುಕ್ಕಿ ತುಂಬಿಕೊಳ್ಳುತ್ತದೆ. ಆದರೆ ಹನ್ನೊಂದು ಚುಕ್ಕಿಯ ಜಾಗದಲ್ಲಿ ಯಂತ್ರವೇ ತುಂಬಿಕೊಂಡರೆ ಒಂದು ಕಂಬ ಒಂದು ಚುಕ್ಕಿ ದಪ್ಪ, ಪಕ್ಕದ ಕಂಬ ಎರಡು ಚುಕ್ಕಿ ದಪ್ಪವಾಗಿ ಅಕ್ಷರ ಸೊಟ್ಟಗಾಗುತ್ತದೆ. ಅದಕ್ಕಾಗಿ ‘ಹಿಂಟಿಂಗ್’ ಎಂಬ ವಿದ್ಯೆ ಹುಟ್ಟಿತು. ಈ ಅಳತೆಯಲ್ಲಿ ಈ ಕಂಬ ಇಷ್ಟೇ ದಪ್ಪ, ಈ ಬಿಲ್ಲು ಇಲ್ಲಿಗೇ ನಿಲ್ಲಬೇಕು ಎಂದು ಅಕ್ಷರದ ಕಿವಿಯಲ್ಲಿ ಹೇಳಿಕೊಡುವ ಸೂಚನೆಗಳು ಅವು.

ಈ ಕಲೆಯ ದೊಡ್ಡ ಹೆಸರು ಮ್ಯಾಥ್ಯೂ ಕಾರ್ಟರ್. ಇಂಗ್ಲೆಂಡಿನಲ್ಲಿ ೧೯೩೭ರಲ್ಲಿ ಹುಟ್ಟಿದ ಈತ ಹದಿಹರೆಯದ ಕೊನೆಯಲ್ಲಿ, ೧೯೫೫-೫೬ರಲ್ಲಿ, ಹಾಲೆಂಡಿನ ಹಾರ್ಲೆಮ್ ನಗರದ ಎನ್‌ಸ್ಕೆಡೆ ಅಚ್ಚುಕೂಟದಲ್ಲಿ ಉಕ್ಕಿನಲ್ಲಿ ಅಕ್ಷರ ಕೊರೆಯುವುದನ್ನು ಕಲಿತ. ಆ ವಿದ್ಯೆ ಅಳಿವಿನ ಅಂಚಿನಲ್ಲಿದ್ದ ಕಾಲ ಅದು. ಇಪ್ಪತ್ತು ವರ್ಷಗಳ ಮೇಲೆ ಅಮೆರಿಕದ ಟೆಲಿಫೋನ್ ಡೈರೆಕ್ಟರಿಗೆ ಅಕ್ಷರ ಬೇಕಾಯಿತು: ಆರು ಪಾಯಿಂಟಿನ ಸಣ್ಣಕ್ಷರ, ಕಳಪೆ ಕಾಗದ, ಗಾಳಿವೇಗದ ಮುದ್ರಣ. ಗೆರೆಗಳು ಕೂಡುವ ಮೂಲೆಗಳಲ್ಲಿ ಮಸಿ ಹರಡಿ ಅಕ್ಷರ ಮುದ್ದೆಯಾಗುತ್ತಿತ್ತು. ೧೯೭೮ರಲ್ಲಿ ಬಂದ ‘ಬೆಲ್ ಸೆಂಟೆನಿಯಲ್’ ಅಕ್ಷರಗಳಲ್ಲಿ ಕಾರ್ಟರ್ ಆ ಮೂಲೆಗಳನ್ನೇ ಕಚ್ಚು ಮಾಡಿ ಕತ್ತರಿಸಿಟ್ಟ. ಹರಡಿದ ಮಸಿ ಆ ಕಚ್ಚನ್ನು ತುಂಬಿ ಅಕ್ಷರ ತಾನಾಗಿ ಸರಿಹೋಗುತ್ತಿತ್ತು. ದೊಡ್ಡದಾಗಿ ಅಚ್ಚು ಹಾಕಿ ನೋಡಿದರೆ ಇಲಿ ಕಚ್ಚಿದಂತೆ ಕಾಣುವ ಅಕ್ಷರ, ಆರು ಪಾಯಿಂಟಿನಲ್ಲಿ ಮುತ್ತಿನಂತೆ ಕಾಣುತ್ತಿತ್ತು.

ಆ ಮನುಷ್ಯನಿಗೇ ಮೈಕ್ರೋಸಾಫ್ಟಿನವರು ಪರದೆಯ ಅಕ್ಷರಗಳನ್ನು ಒಪ್ಪಿಸಿದರು. ೧೯೯೬ರಲ್ಲಿ ಬಂದ ‘ವರ್ಡಾನಾ’ ಮತ್ತು ‘ಜಾರ್ಜಿಯಾ’ಗಳನ್ನು ಕಾರ್ಟರ್ ಸಂಪ್ರದಾಯಕ್ಕೆ ತಿರುಗಾಮುರುಗಾ ರಚಿಸಿದ. ಮೊದಲು ಹೊರಮೈ ಬರೆದು ಆಮೇಲೆ ಚುಕ್ಕಿ ತುಂಬಿಸಲಿಲ್ಲ. ಸಣ್ಣ ಅಳತೆಗಳಲ್ಲಿ ಚುಕ್ಕಿಗಳನ್ನು ಮೊದಲು ಜೋಡಿಸಿ, ಓದಲು ಸರಿಯೆನಿಸಿದ ಮೇಲೆ ಅವುಗಳ ಸುತ್ತ ಹೊರಮೈಯನ್ನು ಹೊಲಿದ. ಹಿಂಟಿಂಗ್ ಕೆಲಸವನ್ನು ಟಾಮ್ ರಿಕ್ನರ್ ಮಾಡಿದ. ವರ್ಡಾನಾದಲ್ಲಿ ಅಕ್ಷರಗಳು ಅಗಲ, ನಡುವೆ ಜಾಗ ಧಾರಾಳ. ಇಂಗ್ಲಿಷಿನ ದೊಡ್ಡ ಐ, ಸಣ್ಣ ಎಲ್, ಒಂದರ ಅಂಕಿ ಇವು ಮೂರೂ ಬೇರೆ ಬೇರೆಯಾಗಿ ಕಾಣುತ್ತವೆ. ಹಾರ್ಲೆಮಿನ ಉಕ್ಕಿನ ವಿದ್ಯೆ ಹೀಗೆ ಗಾಜಿನ ಮೇಲೆ ಮರುಹುಟ್ಟು ಪಡೆಯಿತು.

೧೯೯೮ರಲ್ಲಿ ಮೈಕ್ರೋಸಾಫ್ಟ್ ‘ಕ್ಲಿಯರ್‌ಟೈಪ್’ ಎಂಬ ಇನ್ನೊಂದು ಉಪಾಯವನ್ನು ಘೋಷಿಸಿತು. ಚಪ್ಪಟೆ ಪರದೆಯ ಒಂದೊಂದು ಚುಕ್ಕಿಯೂ ಕೆಂಪು, ಹಸಿರು, ನೀಲಿ ಎಂಬ ಮೂರು ಪಟ್ಟಿಗಳ ಕೂಟ. ಮೂರನ್ನೂ ಬೇರೆ ಬೇರೆಯಾಗಿ ಬೆಳಗಿಸಿದರೆ ಅಡ್ಡಸಾಲಿನಲ್ಲಿ ಒಂದು ಚುಕ್ಕಿಯನ್ನು ಮೂರಾಗಿ ಬಳಸಿಕೊಂಡಂತಾಯಿತು. ಇದ್ದುದರಲ್ಲೇ ಮೂರು ಪಾಲು ಮಾಡಿ ಬಡಿಸುವ ಗೃಹಿಣಿಯ ಯುಕ್ತಿ ಇದು.

*

ಬರಗಾಲದಲ್ಲಿ ಇಷ್ಟು ಜಾಣತನ ತೋರಿದವರು ಸುಗ್ಗಿಯಲ್ಲಿ ಎಡವಿದರು. ೨೦೦೧ರಲ್ಲಿ ಐಬಿಎಂ ಕಂಪನಿ ಟಿ೨೨೦ ಎಂಬ ಮಾನಿಟರನ್ನು ಹೊರತಂದಿತು. ೨೨.೨ ಅಂಗುಲದ ಪರದೆಯಲ್ಲಿ ೩೮೪೦ಕ್ಕೆ ೨೪೦೦ ಚುಕ್ಕಿಗಳು. ಒಟ್ಟು ತೊಂಬತ್ತೆರಡು ಲಕ್ಷಕ್ಕೂ ಮಿಗಿಲು. ಅಂಗುಲಕ್ಕೆ ೨೦೪. ಛಾಯಾಚಿತ್ರ, ನಕ್ಷೆ, ಕ್ಷ-ಕಿರಣದ ಚಿತ್ರಗಳನ್ನು ಅದರಲ್ಲಿ ನೋಡಿದರೆ ಕಾಗದದ ಮೇಲೆ ನೋಡಿದಂತಿತ್ತು. ಓದಲು ಹೋದರೆ ಮಾತ್ರ ಪೇಚಾಟ. ಅಂಗುಲಕ್ಕೆ ೯೬ ಎಂದು ನಂಬಿದ್ದ ಕಾರ್ಯಕ್ರಮ ತನ್ನ ಅಕ್ಷರಕ್ಕೆ ಹನ್ನೊಂದು ಚುಕ್ಕಿಯನ್ನೇ ಕೊಡುತ್ತಿತ್ತು. ಹಳೆಯ ಪರದೆಯಲ್ಲಿ ೨.೯ ಮಿಲಿಮೀಟರ್ ಇದ್ದ ಎತ್ತರ ಇಲ್ಲಿ ೧.೪ಕ್ಕೆ ಇಳಿಯಿತು. ಅಂಗಳದ ರಂಗೋಲಿ ಮಣೆಯ ಮೇಲಕ್ಕೆ ಬಂತು.

ಅಕ್ಷರಕ್ಕೆ ಹೆಚ್ಚು ಚುಕ್ಕಿ ಕೊಡು ಎಂದು ಹೇಳಲು ವಿಂಡೋಸಿನಲ್ಲಿ ದಾರಿ ಇರಲಿಲ್ಲವೆಂದಲ್ಲ. ೯೬ರ ಬದಲು ೧೨೦ ಎಂದು ಆರಿಸಿಕೊಳ್ಳಲು ಬಹಳ ಹಿಂದಿನಿಂದ ಅವಕಾಶವಿತ್ತು. ಆದರೆ ಆರಿಸಿಕೊಂಡವರಿಗೆ ಶಿಕ್ಷೆ ಕಾದಿರುತ್ತಿತ್ತು. ಅಕ್ಷರ ಬೆಳೆಯುತ್ತಿತ್ತು, ಅದು ಕುಳಿತಿದ್ದ ಚೌಕ ಬೆಳೆಯುತ್ತಿರಲಿಲ್ಲ. ಮಾತಿನ ಅರ್ಧ ಕತ್ತರಿಸಿ ಹೋಗುತ್ತಿತ್ತು. ೨೦೦೭ರಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾ ಆವೃತ್ತಿ ಇನ್ನೊಂದು ದಾರಿ ಹಿಡಿಯಿತು: ಹಳೆಯ ಕಾರ್ಯಕ್ರಮಕ್ಕೆ “ನೀನು ೯೬ರಲ್ಲೇ ಇದ್ದೀಯೆ” ಎಂದು ಸುಳ್ಳು ಹೇಳಿ, ಅದು ಬರೆದ ಚಿತ್ರವನ್ನು ಹಿಗ್ಗಿಸಿ ತೋರಿಸುವುದು. ಹಿಗ್ಗಿಸಿದ ಚಿತ್ರ ಮಸಕಾಗದೆ ಇದ್ದೀತೇ? ಪರದೆಯ ರೆಸಲ್ಯೂಷನ್ ಇಳಿಸಿದರೂ ಇದೇ ಗತಿ. ಹಿಂದಿನ ಗಾಜಿನ ಕೊಳವೆಯ ಪರದೆಯಲ್ಲಿ ಎಲೆಕ್ಟ್ರಾನಿನ ಕಿರಣ ಬೇಕಾದಷ್ಟು ಸಾಲು ಎಳೆಯಬಲ್ಲದಾಗಿತ್ತು. ಚುಕ್ಕಿಗಳ ಸಂಖ್ಯೆ ಇಳಿಸಿದರೆ ನಡೆಯುತ್ತಿತ್ತು. ಈಗಿನ ಚಪ್ಪಟೆ ಪರದೆಯಲ್ಲಿ ಚುಕ್ಕಿಗಳು ಗೋಡೆಗೆ ಕಟ್ಟಿದ ಇಟ್ಟಿಗೆಯಂತೆ ಸ್ಥಿರ. ಕಡಿಮೆ ಚುಕ್ಕಿಯ ಚಿತ್ರವನ್ನು ಅದರ ಮೇಲೆ ಹಾಸಿದರೆ ಇಲ್ಲದ ಚುಕ್ಕಿಗಳನ್ನು ಯಂತ್ರ ಅಕ್ಕಪಕ್ಕದವನ್ನು ನೋಡಿ ಊಹಿಸಬೇಕಾಗುತ್ತದೆ. ನಮ್ಮ ಹುಡುಗ ಎರಡು ಗುಂಡಿ ಒತ್ತಿ ಮಾಡಿದ ಉಪಕಾರದ ಮರ್ಮ ಇದು. ಕೊಳವೆಯ ಕಾಲದ ಮದ್ದನ್ನು ಅವನು ಚಪ್ಪಟೆ ಪರದೆಗೆ ಕುಡಿಸಿದ್ದ.

ಮುಂದಿನ ತಿರುವು ಬಂದದ್ದು ದೊಡ್ಡ ಮಾನಿಟರಿನಿಂದಲ್ಲ, ಅಂಗೈಯಗಲದ ದೂರವಾಣಿಯಿಂದ. ೨೦೧೦ರ ಜೂನಿನಲ್ಲಿ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಐಫೋನ್ ೪ನ್ನು ಪ್ರದರ್ಶಿಸಿದಾಗ ಅದರ ಪರದೆಗೆ ‘ರೆಟಿನಾ’ ಎಂದು, ಎಂದರೆ ಅಕ್ಷಿಪಟಲ ಎಂದು, ಹೆಸರಿಟ್ಟಿದ್ದರು. ಅಂಗುಲಕ್ಕೆ ೩೨೬ ಚುಕ್ಕಿ. ಒಂದಡಿ ದೂರದಲ್ಲಿ ಹಿಡಿದರೆ ಅಂಗುಲಕ್ಕೆ ಸುಮಾರು ಮುನ್ನೂರು ಚುಕ್ಕಿಗಳಾದಾಗ ಚುಕ್ಕಿ ಕಣ್ಣಿಗೆ ಬೇರೆಯಾಗಿ ಕಾಣುವುದಿಲ್ಲ ಎಂಬುದು ಅವರ ವಾದ. ಸ್ನೆಲೆನ್ನನ ಒಂದು ಕಲೆಯ ಲೆಕ್ಕವನ್ನು ಹಾಕಿದರೆ ಬರುವುದೂ ಹೆಚ್ಚು ಕಡಿಮೆ ಅಷ್ಟೇ. ಆದರೆ ನನ್ನ ಮನಸ್ಸಿಗೆ ಹಿಡಿದದ್ದು ಚುಕ್ಕಿಗಳ ಸಂಖ್ಯೆಯಲ್ಲ. ಹಿಂದಿನ ಐಫೋನಿನ ಒಂದು ಚುಕ್ಕಿ ಇದ್ದ ಜಾಗದಲ್ಲಿ ಅವರು ನಾಲ್ಕನ್ನು ಇಟ್ಟು, ಅಕ್ಷರದ ಗಾತ್ರವನ್ನು ಮಾತ್ರ ಇದ್ದಂತೆಯೇ ಉಳಿಸಿದರು. ಹೆಚ್ಚಾದ ಚುಕ್ಕಿಗಳೆಲ್ಲ ಅಕ್ಷರದ ಅಂಚನ್ನು ತಿದ್ದುವುದಕ್ಕೆ ಹೋದವು. ೨೦೧೨ರಲ್ಲಿ ಬಂದ ಅವರ ಮಡಿಲ ಗಣಕದಲ್ಲಿ ೨೮೮೦ಕ್ಕೆ ೧೮೦೦ ಚುಕ್ಕಿಗಳಿದ್ದರೂ ಕಾರ್ಯಕ್ರಮಗಳಿಗೆ ೧೪೪೦ಕ್ಕೆ ೯೦೦ ಎಂದೇ ಲೆಕ್ಕ ಹೇಳಲಾಯಿತು. ಕಾಗದ ಉತ್ತಮವಾದರೆ ಅಕ್ಷರ ಚೊಕ್ಕವಾಗಬೇಕು, ಸಣ್ಣದಾಗಬಾರದು ಎಂಬ ಸೀಸದ ಕಾಲದ ನಿಯಮ ಮತ್ತೆ ಜಾರಿಗೆ ಬಂದಿತು.

ಅಂತರಜಾಲದ ಪುಟಗಳಿಗೆ ನಿಯಮ ಮಾಡುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಎಂಬ ಸಂಸ್ಥೆ ‘ಪಿಕ್ಸೆಲ್’ ಎಂಬ ಮಾತಿಗೇ ಹೊಸ ಅರ್ಥ ಕೊಟ್ಟಿದೆ. ಅದರ ನಿಯಮದಲ್ಲಿ ಆಧಾರ ಪಿಕ್ಸೆಲ್ ಎಂದರೆ ಗಾಜಿನ ಮೇಲಿರುವ ಚುಕ್ಕಿಯಲ್ಲ. ಅಂಗುಲಕ್ಕೆ ೯೬ ಚುಕ್ಕಿಗಳಿರುವ ಪರದೆಯನ್ನು ತೋಳಳತೆಯ ದೂರದಲ್ಲಿ, ಎಂದರೆ ೨೮ ಅಂಗುಲ ದೂರದಲ್ಲಿ, ಇಟ್ಟಾಗ ಒಂದು ಚುಕ್ಕಿ ಕಣ್ಣಿನಲ್ಲಿ ಉಂಟುಮಾಡುವ ಕೋನ. ಅಳತೆಗೋಲು ಗಾಜನ್ನು ಬಿಟ್ಟು ಮತ್ತೆ ಕಣ್ಣಿಗೆ ಮರಳಿತು. ೨೦೧೩ರಲ್ಲಿ ವಿಂಡೋಸ್ ಕೂಡ ಒಂದೊಂದು ಮಾನಿಟರಿಗೆ ಒಂದೊಂದು ಅಳತೆ ಇಟ್ಟುಕೊಳ್ಳುವುದನ್ನು ಕಲಿಯಿತು. ೨೦೧೮ರಲ್ಲಿ ಆಪಲ್ ಕಂಪನಿ ತನ್ನ ಮ್ಯಾಕ್ ಯಂತ್ರಗಳಲ್ಲಿ ಮೂರು ಬಣ್ಣದ ಪಟ್ಟಿಗಳ ಉಪಾಯವನ್ನು ಕೈಬಿಟ್ಟಿತು. ಸುಗ್ಗಿ ಬಂದವರಿಗೆ ಬರಗಾಲದ ಯುಕ್ತಿ ಬೇಕಿರಲಿಲ್ಲ. ಆದರೆ ಹಳೆಯ ಪರದೆಯನ್ನೇ ಇಟ್ಟುಕೊಂಡವರ ಅಕ್ಷರ ಅಂದಿನಿಂದ ಇನ್ನಷ್ಟು ಸೊರಗಿತು.

*

ಇದೆಲ್ಲ ರೋಮನ್ ಅಕ್ಷರದ ಕಥೆ. ಕನ್ನಡದ ಅಕ್ಷರ ಈ ಮೆರವಣಿಗೆಯ ಹಿಂದೆ ಹೆಚ್ಚು ಭಾರ ಹೊತ್ತು ನಡೆದಿದೆ. ೧೯೮೧ರ ಐಬಿಎಂ ಗಣಕದ ಬಣ್ಣದ ಪರದೆಯಲ್ಲಿ ಒಂದು ಅಕ್ಷರಕ್ಕೆ ಇದ್ದದ್ದು ಎಂಟಕ್ಕೆ ಎಂಟು ಚುಕ್ಕಿಗಳ ಮನೆ. ಆ ಮನೆಯಲ್ಲಿ ‘ರಾಷ್ಟ್ರ’ದ ಷಕಾರ ಟಕಾರ ರಕಾರಗಳನ್ನು ಒಂದರ ಕೆಳಗೊಂದು ಕೂರಿಸುವುದು ಹೇಗೆ? ಕಾನ್ಪುರದ ಐಐಟಿಯಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ‘ಜಿಸ್ಟ್’ ಕಾರ್ಡನ್ನು ಗಣಕದೊಳಗೆ ಸಿಕ್ಕಿಸಿ ಭಾರತೀಯ ಲಿಪಿಗಳನ್ನು ತೋರಿಸುತ್ತಿದ್ದ ಕಾಲವೊಂದಿತ್ತು. ೧೯೯೧ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ಸ್ಥಾನ ಸಿಕ್ಕಿತು. ೨೦೦೧ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಅಕ್ಷರ ಬಂತು; ಅಂಗುಲಕ್ಕೆ ೨೦೪ ಚುಕ್ಕಿಯ ಆ ಐಬಿಎಂ ಪರದೆ ಬಂದ ವರ್ಷವೇ ಅದು.

ಫ್ರಾನ್ಸಿನ ನೇತ್ರವೈದ್ಯ ಎಮಿಲ್ ಜವಾಲ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಒಂದು ಸಂಗತಿಯನ್ನು ಎತ್ತಿ ತೋರಿಸಿದ್ದ. ರೋಮನ್ ಅಕ್ಷರಗಳ ಸಾಲಿನ ಕೆಳಗಿನ ಅರ್ಧವನ್ನು ಮುಚ್ಚಿದರೂ ಓದಬಹುದು. ಮೇಲಿನ ಅರ್ಧವನ್ನು ಮುಚ್ಚಿದರೆ ಕಷ್ಟ. ಗುರುತೆಲ್ಲ ತಲೆಯಲ್ಲಿದೆ. ಕನ್ನಡದ ಒಂದು ಸಾಲನ್ನು ಹಾಗೆ ಮುಚ್ಚಿ ನೋಡಿ. ನಮ್ಮ ಬಹುಪಾಲು ವ್ಯಂಜನಗಳಿಗೆ ತಲೆಯ ಮೇಲೆ ಅದೇ ತಲಕಟ್ಟು. ಸ್ವರದ ಗುರುತನ್ನು ಬಿಟ್ಟರೆ ಅಲ್ಲಿ ಭೇದ ಕಡಿಮೆ. ವ್ಯಂಜನಗಳ ಭೇದ ಹೆಚ್ಚಾಗಿ ಹೊಟ್ಟೆಯಲ್ಲಿದೆ, ಪಾದದಲ್ಲಿದೆ. ‘ಅದರ’ವನ್ನು ‘ಅಧರ’ ಮಾಡುವುದು, ‘ಬಾರಿ’ಯನ್ನು ‘ಭಾರಿ’ ಮಾಡುವುದು ಕೆಳಗಿನ ಗೀಟು. ‘ಕಟ್ಟು’ವುದಕ್ಕೂ ‘ಕಚ್ಚು’ವುದಕ್ಕೂ ಭೇದ ತಿಳಿಯಬೇಕಾದರೆ ಒತ್ತಕ್ಷರವೂ ನಿಚ್ಚಳವಾಗಿರಬೇಕು. ಆ ಒತ್ತಿಗಾಗಿ ಕೆಳಗೆ, ಗುಡಿಸಿಗಾಗಿ ಮೇಲೆ ಜಾಗ ಬಿಡಬೇಕಾದ್ದರಿಂದ, ಒಂದೇ ಪಾಯಿಂಟಿನ ಇಂಗ್ಲಿಷಿನ ಪಕ್ಕದಲ್ಲಿ ಕನ್ನಡದ ಮೂಲಾಕ್ಷರ ಹಲವು ವೇಳೆ ಚಿಕ್ಕದಾಗಿಯೇ ಕಾಣುತ್ತದೆ. ಹನ್ನೊಂದು ಚುಕ್ಕಿಯಲ್ಲಿ ಇಂಗ್ಲಿಷಿಗೆ ಇಕ್ಕಟ್ಟಾದರೆ ಕನ್ನಡಕ್ಕೆ ಉಸಿರುಕಟ್ಟು. ಹೆಚ್ಚು ಚುಕ್ಕಿಯ ಪರದೆಯಿಂದ ಎಲ್ಲರಿಗಿಂತ ಹೆ್ಚ್ಚು ಲಾಭ ಆಗಬೇಕಾದ್ದು ನಮ್ಮಂಥ ಲಿಪಿಗೆ. ಆ ಚುಕ್ಕಿಗಳನ್ನು ಅಕ್ಷರ ಕುಗ್ಗಿಸುವುದಕ್ಕೆ ಬಳಸಿದರೆ ಎಲ್ಲರಿಗಿಂತ ಹೆಚ್ಚು ನಷ್ಟವೂ ನಮಗೇ.

ಅದಕ್ಕೆ ಸೂತ್ರ ಕಠಿಣವೇನಲ್ಲ. ಪರದೆಯ ರೆಸಲ್ಯೂಷನ್ನನ್ನು ಅದರ ಸಹಜವಾದ ಸಂಖ್ಯೆಯಲ್ಲೇ ಬಿಡಬೇಕು. ಹಿಗ್ಗಿಸಬೇಕಾದ್ದು ಅಳತೆಯ ಪ್ರಮಾಣವನ್ನು. ಇಂಗ್ಲಿಷಿಗೆ ಸಾಕಾಗುವ ಅಳತೆಗಿಂತ ಕನ್ನಡಕ್ಕೆ ಒಂದು ಮೆಟ್ಟಿಲು ಹೆಚ್ಚು ಕೊಡಬೇಕು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗದಷ್ಟು ಸಾಲುಗಳ ನಡುವೆ ಜಾಗ ಬಿಡಬೇಕು. ನಮ್ಮ ವಿಭಾಗದ ಯಂತ್ರದಲ್ಲಿ ಪ್ರಮಾಣ ‘ನೂರಕ್ಕೆ ನೂರು’ ಎಂದಿತ್ತು. ಹಾಗೇಕೆ ಎಂದು ವಿಚಾರಿಸಿದಾಗ, ಪುಟ ಜೋಡಿಸುವ ಹಳೆಯ ಕಾರ್ಯಕ್ರಮ ಪ್ರಮಾಣ ಏರಿಸಿದರೆ ಮಸಕಾಗುತ್ತದೆ, ಅದಕ್ಕೇ ಇಳಿಸಿದ್ದೆ ಎಂದ ಆ ಹುಡುಗ. ಪಾಪ, ಅವನದೂ ತಪ್ಪಲ್ಲ. ಅಂಗುಲವೆಂದರೆ ತೊಂಬತ್ತಾರು ಎಂದು ನಂಬಿ ಯಾರೋ ಎಂದೋ ಬರೆದಿಟ್ಟ ಕಾರ್ಯಕ್ರಮ ಅದು. ಈಗ ಅದನ್ನು ಬದಲಾಯಿಸಿ ಪ್ರಮಾಣವನ್ನು ನೂರಕ್ಕೆ ಇನ್ನೂರು ಮಾಡಿದ್ದೇವೆ. ಕಡೆಯ ಕರಡನ್ನು ಕಾಗದದ ಮೇಲೂ ಒಮ್ಮೆ ನೋಡುತ್ತೇನೆ.

ಹುಡುಗನ ಮಾತು ಉಳಿಯಿತು. ಸಂಚಿಕೆಯ ಉಳಿದ ಪ್ರತಿಗಳಿಗೆಲ್ಲ ತಪ್ಪು ಒಪ್ಪುಗಳ ಚೀಟಿಯೊಂದನ್ನು ಅಂಟಿಸಿ, ತಪ್ಪು ಸಂಪಾದಕನದೆಂದು ಬರೆದು ಸಹಿ ಹಾಕಿದೆ. ಹಂಚಿಹೋದ ಪ್ರತಿಗಳನ್ನು ವಾಪಸು ತರುವುದು ಸಾಧ್ಯವಿರಲಿಲ್ಲ. ಈ ವರ್ಷ ಅವನನ್ನು ಕರೆದು, “ಬಾರಪ್ಪಾ, ಕರಡು ನೋಡುವಾಗ ನನ್ನ ಪಕ್ಕದಲ್ಲಿ ಕೂತುಕೋ” ಎಂದೆ. ಕೂತ. ಅವನ ಹತ್ತೊಂಬತ್ತರ ಕಣ್ಣಿಗೆ ಕನ್ನಡಕ ಬೇಕಿಲ್ಲ. ಎರಡನೆಯ ಪುಟದಲ್ಲಿ ನನ್ನ ಕಣ್ಣು ದಾಟಿಹೋದ ಒಂದು ‘ದ’ದ ಮೇಲೆ ಬೆರಳಿಟ್ಟು, “ಸಾರ್, ಇಲ್ಲಿ ಗೀಟು ಬೇಕಲ್ವಾ?” ಎಂದ.

ಬೇಕಿತ್ತು. ಹಾಕಿದೆವು.